ರೆಜ್ಯುಮೆ: ದೊಡ್ಡಪ್ಪನ ಒಂದು ಪತ್ರ

ಮೈಸೂರು

ಚಿ. ಮೇಧಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಫ್ರಾನ್ಸಿನ ಲಿಯೋನ್ ನಗರದ ಕಂಪನಿಗೆ ಅರ್ಜಿ ಹಾಕುವ ಮೊದಲು ಒಮ್ಮೆ ನೋಡಿಕೊಡಿ ಎಂದು ನೀನು ಕಳಿಸಿದ ನಿನ್ನ ಸ್ವವಿವರದ ನಾಲ್ಕು ಪುಟಗಳನ್ನು ನಿನ್ನೆ ಸಂಜೆ ಕೆಂಪು ಪೆನ್ನು ಹಿಡಿದು ಓದಿದೆ. ಮೊದಲ ಗೆರೆ ಎಳೆದದ್ದು ತಲೆಬರಹಕ್ಕೇ. ‘ರೆಜ್ಯುಮೆ’ ಎಂಬುದು ಫ್ರೆಂಚ್ ಪದವಾದ್ದರಿಂದ ಫ್ರಾನ್ಸಿನವರಿಗೆ ಅದೇ ಸರಿ ಎಂದು ನೀನು ಎಣಿಸಿರಬೇಕು. ಆದರೆ ಅಲ್ಲಿ ಕೆಲಸ ಕೇಳುವವರು ಕೊಡುವ ಕಾಗದವನ್ನು ಲ್ಯಾಟಿನ್ ಮೂಲದ ‘ಸಿ.ವಿ.’ (ಕರಿಕ್ಯುಲಮ್ ವೀಟೆ) ಎಂಬ ಹೆಸರಿನಿಂದಲೇ ಕರೆಯುತ್ತಾರೆ. ರೆಜ್ಯುಮೆ ಎಂದರೆ ಅವರಿಗೆ ಪುಸ್ತಕದ್ದೋ ಲೇಖನದ್ದೋ ಸಾರಾಂಶ. ತವರಿನಲ್ಲಿ ಇಲ್ಲದ ಅರ್ಥವನ್ನು ಆ ಪದ ಹೋದ ಮನೆಯಲ್ಲಿ ಪಡೆದುಕೊಂಡಿದೆ, ಅಷ್ಟೆ.

ಸಂಕ್ಷೇಪಿಸು ಎಂಬರ್ಥದ ಫ್ರೆಂಚ್ ಕ್ರಿಯಾಪದದ ಭೂತಕೃದಂತ ಅದು. ಕನ್ನಡದಲ್ಲಿ ಹೇಳುವುದಾದರೆ ‘ಸಂಕ್ಷೇಪಿಸಿದ್ದು’. 1800ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂದಾಗಲೂ ಸಾರಾಂಶವೆಂದೇ ಅರ್ಥವಿತ್ತು. ಉದ್ಯೋಗಾರ್ಥಿಯ ಸ್ವವಿವರ ಎಂಬ ಅರ್ಥ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1940ರ ದಶಕದ ಹೊತ್ತಿಗೆ. ಈಗಲೂ ಅಮೆರಿಕದ ಕಂಪನಿಗಳು ಕೇಳುವುದು ರೆಜ್ಯುಮೆ, ಅಲ್ಲಿನ ವಿಶ್ವವಿದ್ಯಾಲಯಗಳು ಅಧ್ಯಾಪಕರಿಂದ ಕೇಳುವುದು ಪ್ರಕಟಣೆಗಳನ್ನೆಲ್ಲ ಪಟ್ಟಿಮಾಡಿದ ಉದ್ದನೆಯ ಸಿ.ವಿ.; ಇಂಗ್ಲೆಂಡಿನಲ್ಲಿ ಎಲ್ಲಕ್ಕೂ ಸಾಮಾನ್ಯವಾಗಿ ಸಿ.ವಿ. ಎಂದೇ ರೂಢಿ.

ಕಾಗುಣಿತದ ಮಾತೂ ಇದೆ. ಮೊದಲ ಪುಟದಲ್ಲಿ ಎರಡು ‘ಇ’ (e) ಅಕ್ಷರಗಳ ಮೇಲೂ ಓರೆಗೆರೆ ಇಟ್ಟಿದ್ದೀಯೆ, ಮೂರನೆಯದರಲ್ಲಿ ಕೊನೆಯದಕ್ಕೆ ಮಾತ್ರ, ಫೈಲಿನ ಹೆಸರಿನಲ್ಲಿ ಒಂದಕ್ಕೂ ಇಲ್ಲ. ಇಂಗ್ಲಿಷ್ ನಿಘಂಟುಗಳು ಮೂರನ್ನೂ ಒಪ್ಪುತ್ತವೆ, ಆದರೆ ಒಂದೇ ಕಡತದಲ್ಲಿ ಮೂರೂ ಇರಬಾರದು. ಗೆರೆಗಳನ್ನು ಬಿಟ್ಟರೆ ಅದು ‘ಮತ್ತೆ ಆರಂಭಿಸು’ ಎಂಬರ್ಥದ ‘ರಿಸ್ಯೂಮ್’ ಕ್ರಿಯಾಪದದ ರೂಪವನ್ನೇ ತಾಳುವುದರಿಂದ, ನಾನಾಗಿದ್ದರೆ ಎರಡನ್ನೂ ಉಳಿಸಿಕೊಳ್ಳುತ್ತಿದ್ದೆ. ಫೋನಿನಲ್ಲಿ ನೀನು “ರಿಸ್ಯೂಮ್ ಕಳಿಸಿದ್ದೇನೆ ದೊಡ್ಡಪ್ಪ” ಎಂದಾಗ ನಿನ್ನ ದೊಡ್ಡಮ್ಮ ಪಕ್ಕದಲ್ಲಿದ್ದುದರಿಂದ ಸುಮ್ಮನಿದ್ದೆ. ಸಂದರ್ಶನದಲ್ಲಿ ‘ರೆಜ್ಯುಮೆ’ ಎಂದು ಮೂರು ಅಕ್ಷರವನ್ನೂ ಬಿಡಿಸಿ ಹೇಳು.

ಲಿಯೋನಿಗೆ ಹೋಗುವ ಪ್ರತಿಗೆ ಸಿ.ವಿ. ಎಂದು ಬರೆ. ಅಮೆರಿಕದ ಬಾಸ್ಟನ್ನಿನ ಕಂಪನಿಗೆ ಹೋಗುವುದಕ್ಕೆ ರೆಜ್ಯುಮೆ ಎಂಬ ಹೆಸರೇ ಇರಲಿ, ಆದರೆ ‘ಸಂಕ್ಷೇಪಿಸಿದ್ದು’ ಎಂದು ಹಣೆಪಟ್ಟಿ ಹಚ್ಚಿ ಏಳನೆಯ ತರಗತಿಯ ರಂಗೋಲಿ ಸ್ಪರ್ಧೆಯ ಸಮಾಧಾನಕರ ಬಹುಮಾನವನ್ನೂ ಸೇರಿಸಿದರೆ ಹೇಗಮ್ಮ? ಅದನ್ನು ನಾನು ಹೊಡೆದುಹಾಕಿದ್ದೇನೆ. ಭಾನುವಾರದೊಳಗೆ ಒಂದೇ ಪುಟಕ್ಕೆ ಇಳಿಸಿ ಕಳಿಸು, ಮತ್ತೊಮ್ಮೆ ನೋಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ