ಲ್ಯಾಬ್ ಅಟೆಂಡರ್‌ಗೆ ಮೊದಲು ಕೆಲಸ ಕಲಿಸಿ

ಮಾನ್ಯ ಸಂಪಾದಕರೇ,

ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್‌ಗೆ ಹೊಸದಾಗಿ ಬರುವ ಅಟೆಂಡರ್ ಕೈಗೆ ಮೊದಲ ದಿನ ಬೀಗದ ಕೈ ಮತ್ತು ಪೊರಕೆ ಕೊಡುತ್ತಾರೆ. ಗಂಟೆ ಹೊಡೆಯುವುದು, ಕಡತ ಒಯ್ಯುವುದರ ನಡುವೆ ಆಸಿಡ್ ಬೆರೆಸುವ ಕೆಲಸವೂ ಅವರ ಪಾಲಿಗೇ ಬೀಳುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನೋಡಿ ಕಲಿಯಬೇಕು, ಇಲ್ಲವೇ ಸುಟ್ಟುಕೊಂಡು ಕಲಿಯಬೇಕು. ಸೇರಿದ ಮೊದಲ ಎರಡು ವಾರ ಅನುಭವಿಯೊಬ್ಬರ ಜೊತೆ ನಿಂತು ಕಲಿಯದೆ ಅವರ ಕೈಗೆ ಬಾಟಲಿ ಕೊಡಬಾರದು ಎಂಬ ನಿಯಮ ಬೇಕು.

ಸಲ್ಫ್ಯೂರಿಕ್ ಆಸಿಡ್‌ನದೇ ಉದಾಹರಣೆ ನೋಡಿ. ಒಂದು ಮೋಲಾರ್ (ಮೋಲಾರ್ ಎಂದರೆ ಸಾಂದ್ರತೆಯ ಅಳತೆ) ದ್ರಾವಣ ಒಂದು ಲೀಟರ್ ಬೇಕಾದರೆ ಶೇ 98ರ ಆಸಿಡ್ ಸುಮಾರು 55 ಮಿ.ಲೀ. ಸಾಕು. ಎರಡು ಲೀಟರ್‌ನ ಬೊರೊಸಿಲಿಕೇಟ್ (ಬಿಸಿ ತಡೆಯುವ ಗಾಜು) ಬೀಕರ್‌ನಲ್ಲಿ 700 ಮಿ.ಲೀ. ಡಿಸ್ಟಿಲ್ಡ್ ವಾಟರ್ ಹಾಕಿ, ಬೀಕರನ್ನು ತಣ್ಣೀರಿನ ಟಬ್‌ನಲ್ಲಿ ಇಟ್ಟು, ಗಾಜಿನ ಕಡ್ಡಿಯಿಂದ ಕಲಕುತ್ತಾ ಆಸಿಡನ್ನು ಹತ್ತತ್ತು ಮಿ.ಲೀ.ಯಂತೆ ಬಿಡಬೇಕು. ಪೂರ್ತಿ ತಣಿದ ಮೇಲೆ ಲೀಟರ್‌ಗೆ ತುಂಬಿಸಬೇಕು. ಅವಸರಕ್ಕೆ ಆಸಿಡ್‌ಗೇ ನೀರು ಸುರಿದರೆ ಏನಾಗುತ್ತದೆ? ಆಸಿಡ್ ನೀರಿಗಿಂತ 1.84 ಪಟ್ಟು ಭಾರ. ನೀರು ಮೇಲೆಯೇ ನಿಂತು, ತಾಗಿದ ಕಡೆ ಅಲ್ಲೇ ಕುದಿದು, ಆಸಿಡನ್ನು ಹೊತ್ತು ಮುಖಕ್ಕೆ ಚಿಮ್ಮುತ್ತದೆ. ಅಳತೆಯ ಜಾಡಿಯಲ್ಲಿ ಅಥವಾ ದಪ್ಪ ಗಾಜಿನ ಬಾಟಲಿಯಲ್ಲಿ ಬೆರೆಸುವುದೂ ತಪ್ಪು. ಆ ಬಿಸಿಗೆ ತಳ ಸೀಳುತ್ತದೆ. ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಸೋಡಾ ಹಾಕಲು ಹೋಗಬಾರದು. ನಲ್ಲಿಯಲ್ಲಿ ನೀರೇ ಬರದ ದಿನ ಪ್ರಾಕ್ಟಿಕಲ್ ನಡೆಸಲೇಬಾರದು.

ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್‌ನಲ್ಲಿ ಲಿಕ್ಕರ್ ಅಮೋನಿಯಾ (ಅಮೋನಿಯಾ ಅನಿಲ ಕರಗಿಸಿದ ಗಾಢ ದ್ರಾವಣ) ಬಾಟಲಿಯನ್ನು ಹಾಗೇ ತೆರೆಯುವುದು ಇನ್ನೊಂದು ಅಪಾಯ. ಸೆಕೆಗೆ ಒಳಗೆ ಅನಿಲದ ಒತ್ತಡ ಏರಿರುತ್ತದೆ. ಐಸ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಬಾಟಲಿಯ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಮುಖ ಆಚೆ ತಿರುಗಿಸಿ ಮುಚ್ಚಳ ಸಡಿಲಿಸಬೇಕು. ಕಿಪ್ ಉಪಕರಣ (ಲ್ಯಾಬ್‌ನಲ್ಲಿ ಅನಿಲ ತಯಾರಿಸುವ ಗಾಜಿನ ಸಾಧನ) ಇರುವ ಕಾಲೇಜುಗಳಲ್ಲಿ, ಅದರಿಂದ ಬರುವ ವಿಷಾನಿಲ ಹೈಡ್ರೋಜನ್ ಸಲ್ಫೈಡ್‌ನ ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಹೊತ್ತಿಗೆ ಮೂಗಿಗೆ ಗೊತ್ತಾಗದೆ ಹೋಗುತ್ತದೆ. ವಾಸನೆ ಹೋಯಿತೆಂದರೆ ಅನಿಲ ಹೋಯಿತು ಅಂತಲ್ಲ ಎಂಬುದನ್ನು ಮೊದಲ ದಿನವೇ ಹೇಳಬೇಕು.

ಅಟೆಂಡರ್ ತಪ್ಪಿದರೆ ಪೆಟ್ಟು ಬೀಳುವುದು ಅವರೊಬ್ಬರಿಗೇ ಅಲ್ಲ. ದ್ವಿತೀಯ ಪಿಯುಸಿ ಪ್ರಾಕ್ಟಿಕಲ್‌ಗೆ 30 ಅಂಕ. ಅದಕ್ಕೆ ಬೇಕಾದ 0.02 ಮೋಲಾರ್ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣಕ್ಕೆ ಲೀಟರ್‌ಗೆ 3.16 ಗ್ರಾಂ ಹಾಕಿ, ಕುದಿಸಿ, ರಾತ್ರಿಯಿಡೀ ಬಿಟ್ಟು, ಗ್ಲಾಸ್ ವುಲ್‌ನಲ್ಲಿ ಸೋಸಿ ಕಂದು ಬಾಟಲಿಯಲ್ಲಿ ಇಡಬೇಕು. ಸೋಸುಕಾಗದ ಬಳಸಿದರೆ ಕಾಗದವೇ ಪರ್ಮ್ಯಾಂಗನೇಟನ್ನು ತಿನ್ನುತ್ತದೆ. ಮೋರ್ಸ್ ಸಾಲ್ಟ್ (ಕಬ್ಬಿಣದ ಒಂದು ಲವಣ) 0.1 ಮೋಲಾರ್‌ಗೆ ಲೀಟರ್‌ಗೆ 39.2 ಗ್ರಾಂ, ಡೈಲ್ಯೂಟ್ (ನೀರು ಬೆರೆಸಿ ತೆಳುವಾಗಿಸಿದ) ಸಲ್ಫ್ಯೂರಿಕ್ ಆಸಿಡ್ ಹಾಕಿದ ನೀರಿನಲ್ಲೇ ಕರಗಿಸಬೇಕು. ಬರೀ ನೀರಿನಲ್ಲಿ ಕರಗಿಸಿದರೆ ಕದಡಿ ಕಂದು ಬಣ್ಣಕ್ಕೆ ತಿರುಗುತ್ತದೆ, ಸರಿಯಾಗಿ ಟೈಟ್ರೇಟ್ ಮಾಡಿದ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು ಸಾಂದ್ರತೆ ಅಳೆದ) ಮಗುವಿಗೂ ಉತ್ತರ ತಪ್ಪು ಬರುತ್ತದೆ.

ಡಿಸ್ಟಿಲ್ಡ್ ವಾಟರ್‌ನದೂ ಇದೇ ಕಥೆ. ಬೋರ್‌ವೆಲ್ ನೀರಿನ ಸುಣ್ಣ, ಅದನ್ನು ತಯಾರಿಸುವ ಯಂತ್ರದ ಹೀಟರ್ ಕಾಯಿಲ್‌ಗೆ ಪೊರೆಗಟ್ಟುತ್ತದೆ. ನಡುವೆ ನೀರು ನಿಂತರೆ ಕಾಯಿಲ್ ಸುಟ್ಟೇ ಹೋಗುತ್ತದೆ. ಹಾಗಾಗಿ ಯಂತ್ರ ಹಾಕಿ ಬೇರೆ ಕೆಲಸಕ್ಕೆ ಹೋಗುವಂತಿಲ್ಲ. ಬಂದ ನೀರಿಗೆ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟಾಗ ಬೆಳ್ಳಗೆ ಕದಡಿದರೆ ಕ್ಲೋರೈಡ್ ಉಳಿದಿದೆ ಎಂದರ್ಥ. ಆ ನೀರಿನಲ್ಲಿ ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣ ಯಾವುದೆಂದು ಪತ್ತೆ ಮಾಡುವ ಪರೀಕ್ಷೆ) ಮಾಡಿದರೆ ಎಲ್ಲರ ಸಾಲ್ಟೂ ಕ್ಲೋರೈಡ್ ಆಗಿಬಿಡುತ್ತದೆ!

ಲೇಬಲ್ ವಿಷಯಕ್ಕೆ ಎಲ್ಲರೂ ಕಿವಿಗೊಡಬೇಕು. ಡೈಲ್ಯೂಟ್ ಸಲ್ಫ್ಯೂರಿಕ್, ಹೈಡ್ರೋಕ್ಲೋರಿಕ್, ನೈಟ್ರಿಕ್ ಆಸಿಡ್ ಮೂರೂ ನೋಡಲು ನೀರಿನಂತೆಯೇ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವರ ಮುಂದೆ ಇಂಗ್ಲಿಷ್‌ನ ಸಣ್ಣಕ್ಷರದ ಚೀಟಿ ಇಟ್ಟರೆ ನೈಟ್ರಿಕ್, ನೈಟ್ರೇಟ್, ನೈಟ್ರೈಟ್ ಅದಲು ಬದಲಾಗುವುದು ಆಶ್ಚರ್ಯವಲ್ಲ. ಹೆಸರು ಕನ್ನಡದಲ್ಲೂ ಇರಲಿ. ಸಾಂದ್ರತೆ, ತಯಾರಿಸಿದ ದಿನಾಂಕ, ತಯಾರಿಸಿದವರ ಸಹಿ ಇರಲಿ. ಮೇಲೆ ಪಾರದರ್ಶಕ ಟೇಪ್ ಅಂಟಿಸಲಿ. ಸುರಿಯುವಾಗ ಲೇಬಲ್ ಅಂಗೈ ಕಡೆಗೆ ಇರಬೇಕು, ಆಗ ಬಾಯಿಯಿಂದ ಇಳಿದ ಹನಿ ಆಚೆ ಬದಿಗೆ ಹರಿದು ಅಕ್ಷರ ಉಳಿಯುತ್ತದೆ. ಆದರೆ ಆ ಹನಿಯನ್ನು ಆಗಲೇ ಒರೆಸದಿದ್ದರೆ ಮುಂದೆ ಬಾಟಲಿ ಎತ್ತಿದವರ ಕೈ ಸುಡುತ್ತದೆ.

ಆಸಿಡ್ ಇಡುವ ಶಿಕ್ಷಣ ಸಂಸ್ಥೆಗಳು ಬಳಕೆಯ ರಿಜಿಸ್ಟರ್ ಬರೆದು ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು, ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ. ಆ ಹೊಣೆಯನ್ನು ಏನೂ ಕಲಿಸದ ಹೊರಗುತ್ತಿಗೆ ನೌಕರನ ತಲೆಗೆ ಕಟ್ಟುವುದು ಅನ್ಯಾಯ. ಕನ್ನಡಕ, ರಬ್ಬರ್ ಕೈಗವಸು, ಹತ್ತಿಯ ಏಪ್ರನ್, ಪಿಪೆಟ್‌ನಲ್ಲಿ (ದ್ರವ ಅಳೆಯುವ ಗಾಜಿನ ಕೊಳವೆ) ದ್ರವವನ್ನು ಬಾಯಿಂದ ಎಳೆಯುವುದನ್ನು ತಪ್ಪಿಸಲು ಪಿಪೆಟ್ ಬಲ್ಬ್: ಇವು ದೊಡ್ಡ ಖರ್ಚಲ್ಲ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ಪ್ರಾಕ್ಟಿಕಲ್‌ಗೆ ಮುಂಚೆ ಇವನ್ನು ಕೊಟ್ಟು, ಎರಡು ವಾರದ ತರಬೇತಿಯನ್ನು ಜಿಲ್ಲಾ ಮಟ್ಟದಲ್ಲಿ ಏರ್ಪಡಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇವೆ.

– ರಸಾಯನಶಾಸ್ತ್ರ ಲ್ಯಾಬ್ ಸಿಬ್ಬಂದಿ ಮತ್ತು ಉಪನ್ಯಾಸಕರು, ರಾಯಚೂರು