ಹಲಗೆಯ ಹಿಂದೆ ಎಲ್ಲರೂ ಕ್ಷೇಮ

ಲೆಸ್ಟರ್, ಇಂಗ್ಲೆಂಡ್
ನವೆಂಬರ್ 28

ಅಮ್ಮನಿಗೆ ಸುಮಾಳ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ಅಪ್ಪಯ್ಯ, ಅತ್ತೆ, ರಾಘು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನ ಪತ್ರ ಮೊನ್ನೆ ಬಂತು. ನಾಲ್ಕು ಪುಟದಲ್ಲಿ ಮೂರು ಪುಟ ನಮ್ಮ ಮನೆಯ ಕಳ್ಳತನದ ಬಗ್ಗೆ ಬರೀ ಪ್ರಶ್ನೆಗಳು. ತಪ್ಪು ರಾಘುವಿನದು. ಗುಡ್ಡದ ಮೇಲೆ ನಿಂತರೂ ಅವನಿಗೆ ನೆಟ್‌ವರ್ಕ್ ಸಿಗುವುದು ಎರಡು ನಿಮಿಷ. ಅಷ್ಟರಲ್ಲಿ ಅರ್ಧ ಕೇಳಿಸಿಕೊಂಡು, ಇಳಿದು ಬರುವಷ್ಟರಲ್ಲಿ ಉಳಿದರ್ಧವನ್ನು ತಾನೇ ಕಟ್ಟಿ ನಿಮಗೆ ಹೇಳಿದ್ದಾನೆ. ಕಳ್ಳರು ನಾಲ್ವರು ಬಂದಿರಲಿಲ್ಲ. ಚಾಕು ಯಾರ ಕೈಯಲ್ಲೂ ಇರಲಿಲ್ಲ. ನಾವು ಯಾರೂ ಮನೆಯಲ್ಲೇ ಇರಲಿಲ್ಲ. ಪುಟ್ಟಿಗೆ ತರಚಿದ ಗಾಯವೂ ಆಗಿಲ್ಲ. ಅದಕ್ಕೇ ಎಲ್ಲವನ್ನೂ ಕಾಗದದಲ್ಲಿ ಬರೆಯುತ್ತಿದ್ದೇನೆ. ಅಪ್ಪಯ್ಯನನ್ನು ಜಗಲಿಯಲ್ಲಿ ಕೂರಿಸಿಕೊಂಡು ಮೊದಲ ಎರಡು ಹಾಳೆಗಳನ್ನು ನಿಧಾನವಾಗಿ ಓದಿ ಹೇಳು. ಬಿಪಿ ಮಾತ್ರೆಯನ್ನು ಒಂದರ ಬದಲು ಎರಡು ನುಂಗುತ್ತಿದ್ದಾರೆಂದು ಬರೆದಿದ್ದೀಯ. ಡಾಕ್ಟರನ್ನು ಕೇಳದೆ ಹಾಗೆ ಮಾಡಬಾರದು. ಮಗಳು ನರ್ಸ್ ಆಗಿ ಏನು ಪ್ರಯೋಜನ?

ನಡೆದದ್ದು ಇಷ್ಟು. ನವೆಂಬರ್ 5ರ ಸಂಜೆ. ಇಲ್ಲಿಯವರಿಗೆ ಅದು ಪಟಾಕಿಯ ರಾತ್ರಿ. 1605ರಲ್ಲಿ ಯಾರೋ ರಾಜನನ್ನೂ ಸಂಸತ್ತನ್ನೂ ಸೇರಿಸಿ ಸಿಡಿಮದ್ದಿನಿಂದ ಉಡಾಯಿಸಲು ಹೋಗಿ ಸಿಕ್ಕಿಬಿದ್ದರಂತೆ. ಸಿಡಿಯದೇ ಹೋದ ಆ ಮದ್ದಿನ ನೆನಪಿಗೆ ಈಗಲೂ ವರ್ಷ ವರ್ಷ ಮದ್ದು ಸುಡುತ್ತಾರೆ. ನಮ್ಮ ದೀಪಾವಳಿಯ ಬೆನ್ನಿಗೇ ಬರುವುದರಿಂದ ಲೆಸ್ಟರಿನಲ್ಲಿ ಹದಿನೈದು ದಿನ ಕಿವಿಗೆ ಬಿಡುವಿಲ್ಲ. ನನಗೆ ಆಸ್ಪತ್ರೆಯಲ್ಲಿ ಸಂಜೆಯ ಪಾಳಿ. ಗಣೇಶ ಪುಟ್ಟಿಗೆ ಬಾಣಬಿರುಸು ತೋರಿಸಲು ಮೈದಾನಕ್ಕೆ ಕರೆದುಕೊಂಡು ಹೋಗಿದ್ದ. ಈಗ ನಾಲ್ಕೂವರೆಗೇ ಕತ್ತಲೆ. ಮನೆಗಳ ಸಾಲಿನ ಹಿಂದೆ ಒಂದು ಓಣಿಯಿದೆ. ಈ ಊರಿನವರು ಅದನ್ನು ‘ಜಿಟ್ಟಿ’ ಎನ್ನುತ್ತಾರೆ. ಹೆಸರು ಕೇಳಿದಾಗಲೆಲ್ಲ ನನಗೆ ಜಿಟಿಜಿಟಿ ಮಳೆಯೇ ನೆನಪಾಗುತ್ತದೆ, ಅಲ್ಲಿ ಕೆಸರೂ ಹಾಗೆಯೇ. ಕಳ್ಳ ಅಲ್ಲಿಂದ ಬೇಲಿ ಹತ್ತಿ ಹಿತ್ತಿಲಿಗೆ ಇಳಿದಿದ್ದಾನೆ. ಮೊದಲು ಹಿಂಬಾಗಿಲಿನ ಬೀಗವನ್ನು ನೋಡಿದ್ದಾನೆ. ಬೀಗದ ಸಿಲಿಂಡರನ್ನು ಹಿಡಿದು ಮುರಿಯುವುದು ಇಲ್ಲಿಯ ಕಳ್ಳರ ಹಳೆಯ ವಿದ್ಯೆ. ಆದರೆ ನಮ್ಮದು ಹೊಸ ಬಗೆಯದು, ಮುಂದಿನ ತುಂಡು ಮುರಿದರೂ ಒಳಗಿನದು ಬೀಗ ಹಾಕಿಕೊಂಡೇ ಇರುತ್ತದೆ. ಹಾಗಾಗಿ ಪಕ್ಕದ ಅಡುಗೆಮನೆಯ ಕಿಟಕಿ ಒಡೆದಿದ್ದಾನೆ. ಆ ಸದ್ದು ಪಕ್ಕದ ಮನೆಯ ಅಜ್ಜಿಗೆ ಕೇಳಿಸಿದೆ. ಪಟಾಕಿ ಎಂದುಕೊಂಡು ಟಿವಿಯ ಸದ್ದು ಹೆಚ್ಚಿಸಿಕೊಂಡರಂತೆ.

ಪೊಲೀಸರಿಗೆ ಫೋನ್ ಮಾಡುವುದರಲ್ಲೂ ಇಲ್ಲಿ ಒಂದು ಕ್ರಮ. ಕಳ್ಳ ಇನ್ನೂ ಒಳಗಿದ್ದರೆ 999, ಹೋಗಿಬಿಟ್ಟಿದ್ದರೆ 101. ಗಣೇಶ ಮೆಟ್ಟಿಲ ಕೆಳಗೆ ನಿಂತು, ಮೇಲೆ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಟ್ಟು ಕೇಳಿ, ಆಮೇಲೆ 101 ಒತ್ತಿದನಂತೆ. ಹಾಗೆ ನಿಂತದ್ದಕ್ಕೆ ಅವನಿಗೆ ನನ್ನಿಂದ ಬೈಗುಳ ಆಗಿದೆ, ನೀನು ಬೇರೆ ಬೈಯುವುದು ಬೇಡ. ಒಂದೂವರೆ ಗಂಟೆಯಲ್ಲಿ ಒಬ್ಬ ಪೊಲೀಸ್ ಹೆಂಗಸು ಬಂದರು. ಮನೆಗಳ್ಳತನವಾದರೆ ಮನೆಗೇ ಬಂದು ನೋಡುತ್ತೇವೆಂದು ಇಂಗ್ಲೆಂಡ್ ಮತ್ತು ವೇಲ್ಸಿನ 43 ಪೊಲೀಸ್ ಪಡೆಗಳೂ 2022ರಲ್ಲಿ ಒಪ್ಪಿಕೊಂಡಿವೆ. ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಕೆಸರಿನ ಬೂಟಿನ ಗುರುತು ಒಂದಿತ್ತು. ಬೆರಳಚ್ಚಿನವರು ಬೆಳಿಗ್ಗೆ ಬರುತ್ತಾರೆ, ಅಲ್ಲಿಯವರೆಗೆ ಅದರ ಮೇಲೆ ಏನಾದರೂ ಮುಚ್ಚಿಡಿ ಎಂದರು. ಗಣೇಶ ಇಡ್ಲಿ ಪಾತ್ರೆಯ ಮುಚ್ಚಳ ಕವುಚಿದ. ಕಿಟಕಿಯ ಒಳಚೌಕಟ್ಟು ಮುಟ್ಟಬೇಡಿ, ಗಾಜು ಎಸೆಯಬೇಡಿ, ಆ ನಲ್ಲಿ ತಿರುಗಿಸಬೇಡಿ. ಅಜ್ಜಿಯ ಕಾಲದ ಮಡಿಯೂ ಇಷ್ಟು ಬಿಗಿಯಿರಲಿಲ್ಲ ಅಮ್ಮ.

ನಾನು ಮನೆ ಮುಟ್ಟಿದಾಗ ಹತ್ತು ಗಂಟೆ. ಅಡುಗೆಮನೆಯಲ್ಲಿ ಹೊರಗಿನಷ್ಟೇ ಚಳಿ. ಪುಟ್ಟಿ ಕೋಟು ಟೋಪಿ ಹಾಕಿಕೊಂಡೇ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಕಿಟಕಿಯಲ್ಲಿ ಇಟ್ಟಿದ್ದ ತುಳಸಿ ಕುಂಡ ಸಿಂಕಿನೊಳಗೆ ಬಿದ್ದು ಒಡೆದಿತ್ತು. ನಿಜ ಹೇಳಬೇಕೆಂದರೆ ಅಷ್ಟೂ ಹೊತ್ತು ಗಟ್ಟಿಯಾಗಿದ್ದವಳಿಗೆ ಅದನ್ನು ನೋಡಿ ಅಳು ಬಂತು. ಗಿಡಕ್ಕೆ ಏನೂ ಆಗಿಲ್ಲ. ಐಸ್‌ಕ್ರೀಮ್ ಡಬ್ಬಿಗೆ ಮಣ್ಣು ತುಂಬಿ ಪುಟ್ಟಿಯ ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೇನೆ, ಎರಡು ಚಿಗುರು ಬಂದಿದೆ.

ಹನ್ನೊಂದೂವರೆಗೆ ಹಲಗೆ ಹೊಡೆಯುವವನು ಬಂದ. ಅಪ್ಪಯ್ಯನಿಗೆ ಈ ಭಾಗವನ್ನು ಎರಡು ಸಲ ಓದು. ಇಲ್ಲಿ ಇದೇ ಒಂದು ಕಸುಬು. ರಾತ್ರಿಯೆಲ್ಲ ವ್ಯಾನಿನಲ್ಲಿ ಹಲಗೆ, ಗರಗಸ, ಬೋಲ್ಟು ತುಂಬಿಕೊಂಡು ಕಾಯುತ್ತಾರೆ. ಎಲ್ಲಿ ಕಿಟಕಿ ಒಡೆಯಿತು, ಎಲ್ಲಿ ಕಾರು ಅಂಗಡಿಗೆ ನುಗ್ಗಿತು, ಎಲ್ಲಿ ಬೆಂಕಿ ಬಿತ್ತು, ಅಲ್ಲಿಗೆ ಹೋಗಿ ಬೆಳಗಾಗುವುದರೊಳಗೆ ಮುಚ್ಚಿ ಬರುವುದು. ಬಾಗಿಲಲ್ಲೇ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟುಕೊಂಡು ಒಳಗೆ ಬಂದ. ಮೊದಲ ಪ್ರಶ್ನೆ ‘ಪೊಲೀಸರು ನೋಡಿ ಆಯಿತೇ?’ ಎಂದು. ಅವರ ಒಪ್ಪಿಗೆ ಇಲ್ಲದೆ ಹಲಗೆ ಮುಟ್ಟುವುದಿಲ್ಲವಂತೆ. ಮಾತು ಮಾತಿಗೂ ನನ್ನನ್ನು ‘ನನ್ನ ಬಾತುಕೋಳಿ’ ಎನ್ನುತ್ತಿದ್ದ. ಗಾಬರಿಯಾಗಬೇಡ, ಈ ಕಡೆಯ ಜನ ಪ್ರೀತಿಯಿಂದ ಎಲ್ಲರನ್ನೂ ಹಾಗೆಯೇ ಕರೆಯುವುದು. ಬಸ್ಸಿನ ಡ್ರೈವರ್ ಗಣೇಶನನ್ನೂ ಕರೆಯುತ್ತಾನೆ.

ಅಪ್ಪಯ್ಯ ಕೇಳಿದ್ದಾರಲ್ಲ, ಒಂದು ಹಲಗೆಯನ್ನು ಕಿತ್ತು ಹಾಕಲು ಕಳ್ಳನಿಗೆ ಎಷ್ಟು ಹೊತ್ತು ಎಂದು? ಕೇಳಿಸು ಅವರಿಗೆ. ಅದು ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿದ ಹಲಗೆ, ಹದಿನೆಂಟು ಮಿಲಿಮೀಟರ್ ದಪ್ಪ. ಹತ್ತಿರದಿಂದ ನೋಡಿದರೆ ಗಟ್ಟಿ ಅವಲಕ್ಕಿಯನ್ನು ಪಾಕದಲ್ಲಿ ಅದುಮಿಟ್ಟ ಹಾಗಿದೆ. ಎಂಟಡಿ ನಾಲ್ಕಡಿಯ ಹಾಳೆಯನ್ನು ಬೀದಿಯಲ್ಲೇ ಕೊಯ್ದು, ಕಿಟಕಿಗಿಂತ ಸುತ್ತಲೂ ಒಂದು ಗೇಣು ದೊಡ್ಡದಾಗಿ ಹೊರಗಿನಿಂದ ಇಟ್ಟ. ಚೌಕಟ್ಟು ಪ್ಲಾಸ್ಟಿಕ್ಕಿನದು, ಅದಕ್ಕೆ ಸ್ಕ್ರೂ ಹೊಡೆದರೆ ಮತ್ತೆ ಚೌಕಟ್ಟನ್ನೇ ಬದಲಿಸಬೇಕು. ಆದ್ದರಿಂದ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಒಳಗಿನಿಂದ ಎರಡು ದಪ್ಪ ರೀಪುಗಳನ್ನು ಕಿಟಕಿಗೆ ಅಡ್ಡಲಾಗಿ ಇಟ್ಟು, ಹೊರಗಿನ ಹಲಗೆಗೂ ಒಳಗಿನ ರೀಪಿಗೂ ಆರ್‌ಪಾರ್ ನಾಲ್ಕು ಉದ್ದನೆಯ ಬೋಲ್ಟು ತೂರಿಸಿ, ಒಳಗೆ ನಟ್ಟು ಬಿಗಿದ. ಗೋಡೆಯೇ ನಡುವೆ ಸಿಕ್ಕಿಕೊಂಡು ಹಲಗೆಯನ್ನು ಹಿಡಿದುಕೊಂಡಿದೆ. ಹೊರಗೆ ಕಾಣುವುದು ಬೋಲ್ಟಿನ ನುಣುಪಾದ ಗುಂಡುತಲೆ ಮಾತ್ರ, ಸ್ಪ್ಯಾನರ್ ಹಿಡಿಯಲು ಅಂಚೇ ಇಲ್ಲ. ಮುಗಿದ ಮೇಲೆ ತನ್ನ ಇಡೀ ಭಾರ ಹಾಕಿ ಒಂದು ಸಲ ಗುದ್ದಿ ತೋರಿಸಿದ. ಅಲುಗಲಿಲ್ಲ. ಮಳೆಗಾಲದ ಮೊದಲು ಅಪ್ಪಯ್ಯ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟಿ, ಹಗ್ಗ ಎಳೆದು ನೋಡುತ್ತಾರಲ್ಲ, ಥೇಟ್ ಅದೇ ಗತ್ತು. ನಲವತ್ತು ನಿಮಿಷದ ಕೆಲಸ. ಗಾಜಿನ ಪುಡಿಯನ್ನೂ ಅವನೇ ಒಂದು ಚೀಲಕ್ಕೆ ತುಂಬಿ, ಪೊಲೀಸರಿಗೆ ಬೇಕಾದರೆ ಇರಲಿ ಎಂದು ಮೂಲೆಯಲ್ಲಿಟ್ಟ.

ಹಣದ ವಿಷಯ. ನೂರ ಎಂಬತ್ತು ಪೌಂಡ್. ಅಪ್ಪಯ್ಯ ಅದನ್ನು ಅಡಿಕೆಯ ಧಾರಣೆಗೆ ತಾಳೆ ಹಾಕುವ ಮೊದಲೇ ಹೇಳು, ನಾವು ಕೊಟ್ಟಿಲ್ಲ. ಬಾಡಿಗೆ ಮನೆಯ ಕಿಟಕಿ, ಬಾಗಿಲು ಯಜಮಾನರ ಹೊಣೆ. ನಮ್ಮ ಯಜಮಾನರು ಗುಜರಾತಿ ಅಜ್ಜ. 1972ರಲ್ಲಿ ಇದಿ ಅಮೀನ್ ತೊಂಬತ್ತು ದಿನದೊಳಗೆ ಹೊರಡಿ ಎಂದಾಗ ಉಗಾಂಡಾ ಬಿಟ್ಟು ಬಂದವರು. ದಯವಿಟ್ಟು ಇಲ್ಲಿಗೆ ಬರಬೇಡಿ ಎಂದು ಆಗ ಲೆಸ್ಟರಿನ ನಗರಸಭೆ ಅಲ್ಲಿಯ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿತ್ತಂತೆ. ಅದನ್ನು ಓದಿಯೇ ಈ ಊರಿನ ಹೆಸರು ಗೊತ್ತಾಯಿತು, ಬಂದೆವು ಎಂದು ನಗುತ್ತಾರೆ. ಮರುದಿನ ಢೋಕ್ಲಾ ಹಿಡಿದುಕೊಂಡು ಬಂದು ಹಲಗೆಯನ್ನು ಬೆರಳಿನಿಂದ ಕುಟ್ಟಿ ನೋಡಿ, ‘ಮಗಳೇ, ನಾನು ಇಡೀ ಮನೆಯನ್ನೇ ತೆರೆದು ಬಿಟ್ಟು ಬಂದವನು, ಇದೇನು ಒಂದು ಕಿಟಕಿ’ ಎಂದರು. ಸಮಾಧಾನವೋ ಚುಚ್ಚುಮಾತೋ ತಿಳಿಯಲಿಲ್ಲ. ಹಣ ಮಾತ್ರ ಅಂದೇ ಕೊಟ್ಟರು.

ಕಿಟಕಿಗೆ ಕಬ್ಬಿಣದ ಸರಳು ಯಾಕಿಲ್ಲ ಎಂದು ಅಪ್ಪಯ್ಯನ ಪ್ರಶ್ನೆ. ಇಲ್ಲಿ ಬೆಂಕಿಯ ಭಯ ಹೆಚ್ಚು. ಬೆಂಕಿ ಬಿದ್ದರೆ ಕಿಟಕಿಯಿಂದ ಹಾರಬೇಕಲ್ಲ. ಸರಳಿರುವ ಮನೆ ಇವರ ಕಣ್ಣಿಗೆ ಜೈಲಿನಂತೆ ಕಾಣುತ್ತದೆ. ನನಗೂ ಮೊದಮೊದಲು ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಈಗ ರೂಢಿಯಾಗಿದೆ.

ಹಲಗೆ ಹೊಡೆದು ಇಂದಿಗೆ ಇಪ್ಪತ್ತಮೂರು ದಿನ. ಎರಡು ಪದರದ ಗಾಜು, ಅಳತೆ ಕೊಟ್ಟು ಮಾಡಿಸಬೇಕು. ಮೊದಲ ಸಲ ಬಂದದ್ದು ಅರ್ಧ ಇಂಚು ದೊಡ್ಡದು, ವಾಪಸ್ ಹೋಯಿತು. ಮುಂದಿನ ವಾರ ಬರುತ್ತದೆ. ಅಲ್ಲಿಯವರೆಗೆ ಮಧ್ಯಾಹ್ನವೂ ದೀಪ ಹಾಕಿಕೊಂಡೇ ಅಡುಗೆ. ಮನೆಯೊಳಗೆಲ್ಲ ತೀರ್ಥಹಳ್ಳಿಯ ಸಾಮಿಲ್ಲಿನ ವಾಸನೆ, ನನಗೇನೋ ಹಿತವಾಗಿದೆ. ಪುಟ್ಟಿ ಒಳಬದಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಕಿಟಕಿ ಬರೆದು, ಅದರೊಳಗೆ ಸೂರ್ಯನನ್ನೂ ನಮ್ಮ ಗೌರಿ ದನವನ್ನೂ ಬರೆದಿದ್ದಾಳೆ. ದನಕ್ಕೆ ಐದು ಕಾಲು.

ಅಪ್ಪಯ್ಯನಿಗೆ ಇಲ್ಲಿಗೆ ಸಾಕು. ಎಲ್ಲರೂ ಆರೋಗ್ಯವಾಗಿದ್ದೇವೆ, ಹೆದರುವಂಥದ್ದು ಏನೂ ಇಲ್ಲ ಎಂದು ಮತ್ತೊಮ್ಮೆ ಹೇಳು. ನಿಜವಾಗಿಯೂ ಏನೂ ಇಲ್ಲ.

*

ಅಮ್ಮ, ಈ ಹಾಳೆ ನಿನಗೆ ಮಾತ್ರ. ಅದಕ್ಕೇ ಬೇರೆಯಾಗಿ ಮಡಚಿದ್ದೇನೆ.

ನೀನು ಪತ್ರದ ಕೊನೆಯಲ್ಲಿ ‘ಪೆಟ್ಟಿಗೆ ನೋಡಿಕೊಂಡೆಯಾ’ ಎಂದು ಒಂದೇ ಸಾಲು ಬರೆದಿದ್ದೀಯ. ಅಪ್ಪಯ್ಯನಿಗೆ ಗೊತ್ತಾಗಬಾರದೆಂದು ಹಾಗೆ ಬರೆದದ್ದು ತಿಳಿಯಿತು. ಅಜ್ಜಿಯ ಎರಡೆಳೆ ಸರ ಇದೆ. ನೀನು ಹೇಳಿಕೊಟ್ಟ ಹಾಗೆ ಅಕ್ಕಿ ಡಬ್ಬಿಯ ತಳದಲ್ಲೇ ಇತ್ತು, ಅವನು ಅದನ್ನು ಮುಟ್ಟಿಲ್ಲ. ಪಾಟಲಿ ಇಲ್ಲ. ಎರಡೂ ಹೋಗಿವೆ. ದೀಪಾವಳಿಯ ಲಕ್ಷ್ಮಿಪೂಜೆಗೆ ಹಾಕಿಕೊಂಡು, ತೆಗೆದು ಸೀರೆಗಳ ನಡುವೆ ಇಟ್ಟಿದ್ದೆ. ಮಾರನೆಯ ದಿನ ಡಬ್ಬಿಗೆ ಹಾಕುತ್ತೇನೆ ಎಂದುಕೊಂಡೆ, ಪಾಳಿಯ ಮೇಲೆ ಪಾಳಿ ಬಂತು, ಹಾಗೇ ಉಳಿಯಿತು. ಅವನು ಟಿವಿ ಮುಟ್ಟಿಲ್ಲ, ಲ್ಯಾಪ್‌ಟಾಪ್ ಮುಟ್ಟಿಲ್ಲ, ನೇರ ಸೀರೆಯ ಕಪಾಟಿಗೆ ಹೋಗಿದ್ದಾನೆ. ಆ ಪೊಲೀಸ್ ಹೆಂಗಸು ಮೊದಲು ಕೇಳಿದ್ದೂ ‘ಚಿನ್ನ ಇತ್ತೇ’ ಎಂದೇ. ನಮ್ಮವರ ಮನೆಯಲ್ಲಿ ಹಬ್ಬದ ದಿನಗಳಲ್ಲಿ ಚಿನ್ನ ಹೊರಗಿರುತ್ತದೆಂದು ಇಲ್ಲಿಯ ಕಳ್ಳರಿಗೆ ಚೆನ್ನಾಗಿ ಗೊತ್ತಿದೆ. ಫೋನಿನಲ್ಲಿ ಏನೂ ಹೋಗಿಲ್ಲ ಎಂದು ಸುಳ್ಳು ಹೇಳಿದೆ. ಗುಡ್ಡದ ಮೇಲೆ ನಿಂತ ರಾಘುವಿಗೆ, ನಿನ್ನ ಹೆಂಡತಿಗೆಂದು ಇಟ್ಟಿದ್ದ ಬಳೆ ಹೋಯಿತು ಎಂದು ಕೂಗಿ ಹೇಳಲು ನನ್ನಿಂದ ಆಗಲಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮನೆಯೊಳಗಿನ ವಸ್ತುಗಳಿಗೆ ನಾವು ವಿಮೆ ಮಾಡಿಸಿದ್ದೇವೆ. ಆದರೆ ಬಳೆ ನಮ್ಮದೇ ಎಂಬುದಕ್ಕೆ ಸಾಕ್ಷಿ ಕೇಳುತ್ತಿದ್ದಾರೆ. ಒಂದೊಂದು ಒಡವೆಗೆ ಇಷ್ಟೇ ಎಂದು ಮೇಲ್ಮಿತಿಯೂ ಇದೆ, ಪೂರ್ತಿ ಬೆಲೆ ಸಿಗುವುದಿಲ್ಲ. ಕಾಣೆಯಾದದ್ದನ್ನು ಪೊಲೀಸರಿಗೆ ಬರೆಸಿದ ನಂಬರು ನನ್ನ ಬಳಿ ಇದೆ. ಒಂದು ಫೋಟೊ ಬೇಕು. ನಡುಮನೆಯ ಗೋಡೆಯ ಮೇಲೆ ಅಕ್ಕನ ಧಾರೆಯ ಫೋಟೊ ಇದೆಯಲ್ಲ, ಅದರಲ್ಲಿ ನೀನು ತಂಬಿಗೆ ಹಿಡಿದ ಕೈಯಲ್ಲಿ ಎರಡೂ ಪಾಟಲಿ ಸ್ಪಷ್ಟವಾಗಿ ಕಾಣುತ್ತವೆ. ಅದನ್ನು ಕೆಳಗಿಳಿಸಿ, ಗಾಜು ತೆಗೆದು, ಕೈಯ ಹತ್ತಿರದಿಂದ ಮೊಬೈಲಿನಲ್ಲಿ ತೆಗೆಸು. ಪೇಟೆಗೆ ಹೋದಾಗ ಕಳಿಸಲಿ. ಯಾಕೆಂದು ರಾಘು ಕೇಳಿದರೆ ಪುಟ್ಟಿಗೆ ಶಾಲೆಯಲ್ಲಿ ಬೇಕಂತೆ ಎಂದುಬಿಡು. ಅಕ್ಕಸಾಲಿಗರು ಬರೆದುಕೊಟ್ಟ ಚೀಟಿ ತೋಟದ ಪಹಣಿಯ ಜೊತೆ ಟ್ರಂಕಿನಲ್ಲಿರಬೇಕು. ತೂಕ ಬರೆದಿರುವುದು ಸಿಕ್ಕರೆ ಅದನ್ನೂ ಕಳಿಸು.

ಕೊಪ್ಪದ ಹೆಣ್ಣಿನ ಮನೆಯವರಿಗೆ ಏನೂ ಹೇಳಬೇಡ. ರಾಘುವಿನ ಮದುವೆ ವೈಶಾಖದಲ್ಲಿ, ಇನ್ನೂ ಐದು ತಿಂಗಳಿದೆ. ಅಷ್ಟರೊಳಗೆ ಅದೇ ತೂಕದ, ಅದೇ ಕುಸುರಿಯ ಪಾಟಲಿ ನಾನೇ ಮಾಡಿಸಿ ತರುತ್ತೇನೆ. ಹೆಚ್ಚುವರಿ ಪಾಳಿಗೆ ಆಗಲೇ ಹೆಸರು ಕೊಟ್ಟಿದ್ದೇನೆ. ತೋಟ ಒತ್ತೆ ಇಡುವ ಮಾತನ್ನು ಅಪ್ಪಯ್ಯ ಎತ್ತಿದರೆ ನೀನು ಎದ್ದು ಅಡುಗೆಮನೆಗೆ ಹೋಗಿಬಿಡು. ಅಜ್ಜಿಯ ಕೈಯಲ್ಲಿದ್ದ ಬಳೆ ಅದಲ್ಲ ಎಂಬುದು ನಿನಗೂ ಗೊತ್ತಾಗುತ್ತದೆ, ನನಗೂ ಗೊತ್ತಿರುತ್ತದೆ. ಬೈಯುವುದಿದ್ದರೆ ಬರೆದು ಬೈ.

ಗಣೇಶ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಐದೂವರೆಗೆ ಅಂಚೆ ಡಬ್ಬಿ ತೆಗೆಯುತ್ತಾರೆ. ನನಗೂ ಪಾಳಿಗೆ ಹೊತ್ತಾಯಿತು. ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿರು. ಉಪ್ಪಿನಕಾಯಿ ಸಾಕಷ್ಟಿದೆ, ಕಳಿಸಬೇಡ. ಫೋಟೊ ಮರೆಯಬೇಡ.

ನಿನ್ನ
ಸುಮಾ