ಎಚ್ಚರಿಕೆ ಪ್ಯಾಕೆಟ್ಟಿನ ಬೆನ್ನಿಗಲ್ಲ, ಮುಖಕ್ಕೆ ಬರಲಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಬೊಜ್ಜಿನ ಮಾತು ಬಂದಾಗಲೆಲ್ಲ ಸರ್ಕಾರಗಳ ಬಾಯಲ್ಲಿ ಬರುವ ಸಲಹೆ ಒಂದೇ: ಕಡಿಮೆ ತಿನ್ನಿ, ಹೆಚ್ಚು ನಡೆಯಿರಿ. ಸಲಹೆ ತಪ್ಪಲ್ಲ. ಆದರೆ ಒಂದಕ್ಕೆ ನಿಲ್ಲಿಸಲು ಬಿಡದ ತಿನಿಸನ್ನು ಕೈಗಿಟ್ಟು ಹೀಗೆ ಹೇಳಿದರೆ ಏನು ಬಂತು? ಪ್ಯಾಕೆಟ್ ಆಹಾರದ ಮುಂಭಾಗದಲ್ಲೇ ಎಚ್ಚರಿಕೆ ಇರಬೇಕೆಂಬ ಹೊಸ ನಿಯಮ ತನ್ನಿ ಎಂದು ಕೇಳಲು ಈ ಪತ್ರ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಮಂದಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಎರಡು ವಾರ ಅತಿಸಂಸ್ಕರಿತ ಆಹಾರ (ಕಾರ್ಖಾನೆಯಲ್ಲಿ ಹಲವು ಸೇರ್ಪಡೆ ಬೆರೆಸಿ ತಯಾರಿಸಿದ ತಿನಿಸು), ಇನ್ನೆರಡು ವಾರ ಸಂಸ್ಕರಿಸದ ಆಹಾರ ಕೊಟ್ಟಿತು. ಫಲಿತಾಂಶ ಪ್ರಕಟವಾದದ್ದು 2019ರಲ್ಲಿ. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡು ಕಡೆಯೂ ಸಮ; ಎಷ್ಟು ತಿನ್ನುವುದೆಂಬುದು ಮಾತ್ರ ತಿನ್ನುವವರ ಇಷ್ಟ. ಅತಿಸಂಸ್ಕರಿತ ಊಟವಿದ್ದಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಹೊಟ್ಟೆ ಸೇರಿತು, ತೂಕ ಸುಮಾರು 0.9 ಕೆಜಿ ಏರಿತು. ಇನ್ನೊಂದು ಊಟದಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಗಮನಿಸಬೇಕಾದ್ದು ಇನ್ನೊಂದಿದೆ. ಅತಿಸಂಸ್ಕರಿತ ಊಟದಲ್ಲಿ ನಾರು ಸಾಲದೆ, ಅದನ್ನು ಪುಡಿಯಾಗಿ ಪಾನೀಯದಲ್ಲಿ ಕರಗಿಸಿ ಲೆಕ್ಕ ಸರಿದೂಗಿಸಿದ್ದರು. ಲೆಕ್ಕ ಸರಿಹೋಯಿತು, ಹಸಿವು ಮೋಸಹೋಗಲಿಲ್ಲ. ಮೆತ್ತಗಿನ, ನೀರಿನಂಶ ಕಡಿಮೆಯಿರುವ ತಿನಿಸು ಬೇಗ ಇಳಿಯುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟುವಷ್ಟರಲ್ಲಿ ತಟ್ಟೆ ಖಾಲಿ.

ಎಚ್ಚರಿಕೆಯ ಬದಲು ಪ್ಯಾಕೆಟ್ಟಿನ ಮೇಲೆ ತಿನಿಸಿಗೆ ಇಷ್ಟು ನಕ್ಷತ್ರ ಎಂದು ಅಂಕ ಕೊಡುವ ಪದ್ಧತಿ ಬೇಡ ಎನ್ನಲು ನಮಗೆ ಇದೇ ಕಾರಣ. ಅದರಲ್ಲಿ ಸಕ್ಕರೆಗೆ ಕಳೆದ ಅಂಕವನ್ನು ನಾರು, ಪ್ರೋಟೀನ್ ಬೆರೆಸಿ ಮರಳಿ ಗಳಿಸಬಹುದು. ಚಿಲಿ ದೇಶ 2016ರಲ್ಲಿ ತಂದ ಕಪ್ಪು ಅಷ್ಟಕೋನದ ಎಚ್ಚರಿಕೆ ಗುರುತಿನಲ್ಲಿ ಈ ಚೌಕಾಸಿ ಇಲ್ಲ: 'ಸಕ್ಕರೆ ಹೆಚ್ಚು' ಎಂದರೆ ಹೆಚ್ಚು, ಅಷ್ಟೇ. 2019ರಿಂದ ಅಲ್ಲಿ ಘನ ಆಹಾರಕ್ಕೆ ಮಿತಿ 100 ಗ್ರಾಂಗೆ ಸಕ್ಕರೆ 10 ಗ್ರಾಂ, ಸೋಡಿಯಂ 400 ಮಿಲಿಗ್ರಾಂ, ಸ್ಯಾಚುರೇಟೆಡ್ ಕೊಬ್ಬು 4 ಗ್ರಾಂ, 275 ಕ್ಯಾಲೊರಿ. ಎಚ್ಚರಿಕೆ ಹೊತ್ತ ತಿನಿಸನ್ನು ಶಾಲೆಯೊಳಗೆ ಮಾರುವಂತಿಲ್ಲ, ಪ್ಯಾಕೆಟ್ಟಿನ ಮೇಲೆ ಕಾರ್ಟೂನ್ ಬೊಂಬೆಯೂ ಇಲ್ಲ.

ಪ್ಯಾಕೆಟ್ಟಿನ ಹಿಂಬದಿಯ ಈಗಿನ ಪೋಷಕಾಂಶ ಪಟ್ಟಿಯೇ ಸಾಕೆನ್ನುವವರು ಒಮ್ಮೆ ಓದಿ ನೋಡಲಿ. 150 ಗ್ರಾಂ ಬಿಸ್ಕತ್ತಿನ ಪ್ಯಾಕೆಟ್ ಎಂದಿಟ್ಟುಕೊಳ್ಳಿ. 'ಒಂದು ಸರ್ವಿಂಗ್ 25 ಗ್ರಾಂ, ಸಕ್ಕರೆ 6 ಗ್ರಾಂ' ಎಂದು ಬರೆದಿದೆ. ಕೇಳಲು ಹಿತ. ಇಡೀ ಪ್ಯಾಕೆಟ್ ಮುಗಿಸಿದರೆ (ಮುಗಿಸುತ್ತೇವೆ) ಸಕ್ಕರೆ 36 ಗ್ರಾಂ, ಅಂದರೆ ಒಂಬತ್ತು ಟೀ ಚಮಚ. 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ದಿನಕ್ಕೆ 50 ಗ್ರಾಂ. 25ರೊಳಗಿದ್ದರೆ ಇನ್ನೂ ಒಳ್ಳೆಯದು. ಉಪ್ಪಂತೂ ಸೋಡಿಯಂ ವೇಷದಲ್ಲಿ ಕೂತಿರುತ್ತದೆ. ಸೋಡಿಯಂ 800 ಮಿಲಿಗ್ರಾಂ ಎಂದರೆ ಅದರ ಎರಡೂವರೆ ಪಟ್ಟು ಉಪ್ಪು, ಅಂದರೆ 2 ಗ್ರಾಂ. ಉಪ್ಪಿಗೆ ದಿನದ ಮಿತಿ 5 ಗ್ರಾಂ. ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮಕ್ಕೂ ಉಪಾಯವಿದೆ: ಸಿಹಿಯನ್ನು ಸಕ್ಕರೆ, ಗ್ಲುಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಎಂದು ಮೂರು ಪಾಲು ಮಾಡಿದರೆ ಯಾವುದೂ ಮೊದಲ ಸಾಲಿಗೆ ಬರುವುದಿಲ್ಲ.

ಹಾಗಾಗಿ ಹೊಸ ನಿಯಮದಲ್ಲಿ ಅಳತೆ 100 ಗ್ರಾಂ ಅಥವಾ 100 ಮಿಲಿಲೀಟರಿಗೇ ಇರಲಿ. ಸಿಹಿಗಳೆಲ್ಲ ಒಂದೇ ಹೆಸರಿನಡಿ ಕೂಡಿ ಬರಲಿ. ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪುಡಿ ದೇಹದಲ್ಲಿ ಬೇಗನೆ ಗ್ಲುಕೋಸ್ ಆದರೂ ಪಟ್ಟಿಯಲ್ಲಿ ಸಕ್ಕರೆಯೆಂದು ಎಣಿಕೆಯಾಗದು, ಅದನ್ನೂ ಹಿಡಿಯಿರಿ. ಮಿತಿ ಬಂದ ಕೂಡಲೇ ಕಂಪನಿಗಳು ಸಕ್ಕರೆ ತೆಗೆದು ಕೃತಕ ಸಿಹಿ ತುಂಬುತ್ತವೆ. ಮೆಕ್ಸಿಕೋ 2020ರಲ್ಲಿ ಅದಕ್ಕೂ ಮಕ್ಕಳಿಗೆ ತಕ್ಕದ್ದಲ್ಲವೆಂಬ ಎಚ್ಚರಿಕೆ ಸೇರಿಸಿತು, ನೀವೂ ಸೇರಿಸಿ. ಎಲ್ಲ ಸಂಸ್ಕರಣೆಯೂ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಹೆಪ್ಪುಗಟ್ಟಿಸಿದ ಬಟಾಣಿ, ಸಪ್ಪೆ ಮೊಸರು, ಹುರಿದ ಬೀಜ ಇವಕ್ಕೆ ಯಾವ ಅಂಜಿಕೆಯೂ ಬೇಡ.

ಇನ್ನು ಶಾಲೆ, ಆಸ್ಪತ್ರೆಗಳ ಊಟದ ಟೆಂಡರ್. ಅದರಲ್ಲಿ ಕ್ಯಾಲೊರಿ, ಪ್ರೋಟೀನುಗಳನ್ನಷ್ಟೇ ಕೇಳಿದರೆ ಗುತ್ತಿಗೆದಾರ ಪುಡಿ ಬೆರೆಸಿದ ಬಿಸ್ಕತ್ತು ತಂದು ಅಂಕಿ ಮುಟ್ಟಿಸುತ್ತಾನೆ. ಪದಾರ್ಥವನ್ನೇ ಬರೆಯಿರಿ: ಧಾನ್ಯದಲ್ಲಿ ಅರ್ಧ ತವುಡು ತೆಗೆಯದ್ದು, ದೊಡ್ಡವರ ಒಂದು ಊಟಕ್ಕೆ ತರಕಾರಿ 130 ಗ್ರಾಂ (ದಿನಕ್ಕೆ ಹಣ್ಣು ತರಕಾರಿ ಸೇರಿ 400 ಗ್ರಾಂ ಬೇಕು, ಅದರ ಮೂರನೇ ಒಂದು), ಹಣ್ಣಾದರೆ ಇಡಿಯದು, ರಸವಲ್ಲ. ಇಲ್ಲಿ ಯೋಜನೆ ಕೆಡುವುದು ಉಗ್ರಾಣದಲ್ಲಿ. ತವುಡಿನಲ್ಲಿ ಎಣ್ಣೆಯಿದೆ, ಬೇಗ ಕನರು ವಾಸನೆ ಹಿಡಿಯುತ್ತದೆ. ಆರು ತಿಂಗಳ ಹಿಟ್ಟು ಒಮ್ಮೆಗೇ ಖರೀದಿಸಿದರೆ ಎರಡನೇ ತಿಂಗಳಿಗೇ 'ಮಕ್ಕಳು ತಿನ್ನುತ್ತಿಲ್ಲ' ಎಂಬ ವರದಿ ಬರಬಹುದು. ಧಾನ್ಯ ಕಾಳಾಗಿಯೇ ಬರಲಿ, ವಾರಕ್ಕೆ ಬೇಕಾದಷ್ಟೇ ಬೀಸಿಸಲಿ. ಗಟ್ಟಿ ಕಾಳುಗಳು ಎಂಟು ತಾಸು ನೆನೆಯಬೇಕು. ವರ್ಷ ದಾಟಿದವು ಎಷ್ಟು ಬೇಯಿಸಿದರೂ ಮೆತ್ತಗಾಗುವುದು ಕಷ್ಟ, ಆದ್ದರಿಂದ ಕೊಯ್ಲಿನ ತಿಂಗಳನ್ನೂ ಟೆಂಡರಿನಲ್ಲಿ ಕೇಳಿ. ನೆನೆಹಾಕುವ ಪಾತ್ರೆಗೆ, ಹೆಚ್ಚುವರಿ ಇಂಧನಕ್ಕೆ ಹಣ ತೆಗೆದಿಡದಿದ್ದರೆ ಅಡುಗೆಯವರು ಮತ್ತೆ ಪ್ಯಾಕೆಟ್ಟನ್ನೇ ಬಿಚ್ಚುತ್ತಾರೆ, ಅದು ಅವರ ತಪ್ಪಲ್ಲ.

ಕರಡು ನಿಯಮವನ್ನು ಪ್ರಕಟಿಸುವಾಗ ಎಚ್ಚರಿಕೆ ಗುರುತಿನ ಅಳತೆಯನ್ನೂ ಸೆಂಟಿಮೀಟರಿನಲ್ಲಿ ನಮೂದಿಸಿ. 'ಸ್ಪಷ್ಟವಾಗಿ ಕಾಣುವಂತೆ' ಎಂದಷ್ಟೇ ಬರೆದರೆ ಅದು ಪ್ಯಾಕೆಟ್ಟಿನ ಮಡಿಕೆಯೊಳಗೆ ಹೋಗಿ ಕೂರುತ್ತದೆ.

ಇತಿ,
ಆಹಾರ ಮತ್ತು ಪೋಷಣೆಯ ಕ್ಷೇತ್ರದಲ್ಲಿ ಕೆಲಸ ಮಾಡುವವರು